ಸಭೆಯೂ ಸಲಿಂಗಾನುರಾಗಿಗಳೂ: ಪೂರ್ಣ ಸ್ವೀಕಾರದ ವಾದವನ್ನು ಕುರಿತು ಒಂದು ಚಾರಿತ್ರಿಕ ವಿವೇಚನೆ

೨೦೧೮ನೆಯ ಇಸವಿ ಸೆಪ್ಟೆಂಬರ್ ೬ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು, ವಯಸ್ಕರು ಪರಸ್ಪರ ಸಮ್ಮತಿಯಿಂದ ನಡೆಸುವ ಸಲಿಂಗಸಂಬಂಧವು ಅಪರಾಧವಲ್ಲವೆಂದು ತೀರ್ಪಿತ್ತಿತು. ೧೮೬೦ರ ಭಾರತ ದಂಡಸಂಹಿತೆಯ ೩೭೭ನೆಯ ಕಲಮು ಅಷ್ಟರಮಟ್ಟಿಗೆ ಅಸಿಂಧುವಾಯಿತು. ಆದರೆ ನ್ಯಾಯಾಲಯದಲ್ಲಿ ಇತ್ಯರ್ಥವಾದ ಪ್ರಶ್ನೆಯು ಧರ್ಮಸಂಸ್ಥೆಗಳಲ್ಲಿ ಇತ್ಯರ್ಥವಾಗಿಲ್ಲ. ಸಲಿಂಗಾನುರಾಗಿಗಳನ್ನು, ಎಂದರೆ ಸ್ವಭಾವತಃ ತಮ್ಮ ಲಿಂಗದವರಲ್ಲಿಯೇ ಅನುರಾಗವುಳ್ಳ ಸ್ತ್ರೀಪುರುಷರನ್ನು, ಸಭೆಯು ಇತರ ಸದಸ್ಯರಿಗೆ ಸಮನಾಗಿ ಒಳಗೊಳ್ಳಬೇಕೆಂದು ಕ್ರೈಸ್ತರಲ್ಲಿಯೇ ಕೆಲವರು ವಾದಿಸುತ್ತಿದ್ದಾರೆ. ಈ ವಾದವು ಯಾವ ಆಧಾರಗಳ ಮೇಲೆ ನಿಂತಿದೆ, ಅದಕ್ಕೆ ಎದುರಾಗುವ ಆಕ್ಷೇಪಗಳಾವುವು ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಂತಹ ಕಡೆಗಳಲ್ಲಿ ಈ ಪ್ರಶ್ನೆ ಹೆಚ್ಚು ತೀಕ್ಷ್ಣವಾದುದು. ಇಲ್ಲಿ ಕ್ರೈಸ್ತರ ಸಂಖ್ಯೆ ಅತ್ಯಲ್ಪ. ಮಹಾನಗರದಲ್ಲಿ ಒಂದು ಸಭೆಯಿಂದ ನೊಂದು ಹೊರಬಂದವನು ಇನ್ನೊಂದನ್ನು ಹುಡುಕಿಕೊಳ್ಳಬಹುದು. ಸಣ್ಣ ಊರಿನಲ್ಲಿಯಾದರೋ ಸಭೆಯೆಂದರೆ ಆರಾಧನೆಯಷ್ಟೇ ಅಲ್ಲ. ನಂಟಸ್ತಿಕೆ, ಮದುವೆಯ ಮಾತುಕತೆ, ಕಷ್ಟಕಾಲದ ನೆರವು, ಕಡೆಗೆ ಸಮಾಧಿಯ ಜಾಗ, ಎಲ್ಲವೂ ಅದರೊಡನೆ ಹೆಣೆದುಕೊಂಡಿರುತ್ತವೆ. ಅಂತಹ ಊರಿನ ಯುವಕನಾಗಲಿ ಯುವತಿಯಾಗಲಿ ತನ್ನ ಸ್ವಭಾವವನ್ನು ಬಾಯಿಬಿಟ್ಟು ಹೇಳಿದರೆ ಇವೆಲ್ಲವನ್ನೂ ಒಮ್ಮೆಗೇ ಕಳೆದುಕೊಳ್ಳುವ ಭಯವುಂಟು. ಹೇಳದೆ ಅದುಮಿಟ್ಟುಕೊಂಡು ಬಾಳುವುದೂ ಸುಲಭವಲ್ಲ.

ಮೊದಲು ‘ಪೂರ್ಣ ಸ್ವೀಕಾರ’ವೆಂಬ ಮಾತಿನ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಇದರಲ್ಲಿ ನಾಲ್ಕು ಮೆಟ್ಟಿಲುಗಳಿವೆ. ಆರಾಧನೆಗೆ ಬಂದವನನ್ನು ಹೊರಗಟ್ಟದಿರುವುದು ಮೊದಲನೆಯದು. ದೀಕ್ಷಾಸ್ನಾನ, ಪ್ರಭುಭೋಜನಗಳಲ್ಲಿ ಪಾಲುಕೊಡುವುದು ಎರಡನೆಯದು. ಸಭೆಯ ಹಿರಿತನಕ್ಕೂ ಬೋಧಕ ದೀಕ್ಷೆಗೂ ಅರ್ಹನೆಂದು ಒಪ್ಪುವುದು ಮೂರನೆಯದು. ಇಬ್ಬರ ಬಾಳುವೆಯ ಒಡಂಬಡಿಕೆಯನ್ನು ಆಶೀರ್ವದಿಸುವುದು ನಾಲ್ಕನೆಯದು. ಅನೇಕ ಸಭೆಗಳು ಕರುಣೆಯ ಮಾತನ್ನಾಡಿದರೂ ಮೇಲಿನ ಮೆಟ್ಟಿಲುಗಳನ್ನು ಏರುವುದಿಲ್ಲ. ರೋಮನ್ ಕ್ಯಾಥೊಲಿಕ್ ಸಭೆಯ ನಿಲುವು ಇದಕ್ಕೆ ನಿದರ್ಶನ. ಇಂತಹವರನ್ನು ಗೌರವ, ಅನುಕಂಪಗಳಿಂದ ಕಾಣಬೇಕೆಂದು ೧೯೯೨ರ ಅದರ ಧರ್ಮೋಪದೇಶ ಗ್ರಂಥವು ವಿಧಿಸುತ್ತದೆ; ಸಲಿಂಗ ಸಂಭೋಗವು ಮಾತ್ರ ಸ್ವಭಾವತಃ ಕ್ರಮಗೆಟ್ಟುದೆಂದೂ ಹೇಳುತ್ತದೆ. ೨೦೨೩ರ ಡಿಸೆಂಬರ್ ೧೮ರಂದು ವ್ಯಾಟಿಕನ್ ಹೊರಡಿಸಿದ ಪ್ರಕಟಣೆಯು ಇಂತಹ ಜೋಡಿಗಳಿಗೆ ಗುರುಗಳು ಸರಳವಾದ ಆಶೀರ್ವಾದವನ್ನು ನೀಡಬಹುದೆಂದು ಒಪ್ಪಿತು. ಆದರೆ ಅದು ವಿವಾಹವಿಧಿಯನ್ನು ಹೋಲಕೂಡದೆಂದು ಕಟ್ಟುಮಾಡಿತು. ಚಿತ್ರದುರ್ಗ ಜಿಲ್ಲೆಯು ೧೯೮೮ರಲ್ಲಿ ಸ್ಥಾಪಿತವಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿರುವುದರಿಂದ ನಮ್ಮ ಊರುಗಳ ಕ್ಯಾಥೊಲಿಕರಿಗೂ ಈ ನಿಯಮವೇ ಅನ್ವಯಿಸುತ್ತದೆ. ಕರುಣೆಗೂ ಸಮಾನತೆಗೂ ನಡುವೆ ಇರುವ ಈ ಅಂತರವೇ ವಿವಾದದ ತಿರುಳು.

ಇನ್ನು ಗ್ರಂಥಾಧಾರದ ವಿಚಾರ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನವನ್ನು ೧೮೯೨ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದರು. ಅದರಲ್ಲಿ ಬರುವ ‘ಇಸಿಲ’ ಎಂಬ ಸ್ಥಳನಾಮವು ಕನ್ನಡದ ಪದವೆಂದು ಡಿ. ಎಲ್. ನರಸಿಂಹಾಚಾರ್ಯರು ಪ್ರತಿಪಾದಿಸಿದುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಪ್ರಾಚೀನ ಲೇಖದ ಪದವೊಂದು ಅದರ ಕಾಲದಲ್ಲಿ ಯಾವ ಅರ್ಥವನ್ನು ಹೊತ್ತಿದ್ದಿತೆಂದು ವಿಚಾರಿಸುವುದು ಇತಿಹಾಸಕಾರನ ಮೊದಲ ಕೆಲಸ. ಸ್ವೀಕಾರವಾದಿಗಳು ಬೈಬಲ್ಲಿಗೆ ಅನ್ವಯಿಸುವುದೂ ಇದೇ ಕ್ರಮವನ್ನು. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿ ‘ಮಲಕೊಯ್’, ‘ಆರ್ಸೆನೊಕೊಯ್ತಾಯ್’ ಎಂಬ ಎರಡು ಗ್ರೀಕ್ ಪದಗಳಿವೆ. ಮೊದಲನೆಯದಕ್ಕೆ ‘ಮೃದುವಾದವರು’ ಎಂದಷ್ಟೇ ಶಬ್ದಾರ್ಥ. ‘ಗಂಡಸು’, ‘ಹಾಸಿಗೆ’ ಎಂಬ ಮಾತುಗಳು ಕೂಡಿ ಎರಡನೆಯದು ಆಗಿದೆ. ಪೌಲನಿಗಿಂತ ಹಿಂದಿನ ಬರಹಗಳಲ್ಲಿ ಅದು ದೊರೆತಿಲ್ಲ. ಇವೆರಡನ್ನೂ ಕೂಡಿಸಿ ೧೯೪೬ರ ಒಂದು ಪ್ರಸಿದ್ಧ ಇಂಗ್ಲಿಷ್ ಅನುವಾದವು ‘ಸಲಿಂಗಕಾಮಿಗಳು’ ಎಂಬರ್ಥದ ಒಂದೇ ಮಾತನ್ನು ಬಳಸಿತು. ೧೯೭೧ರ ಪರಿಷ್ಕರಣದಲ್ಲಿ ಆ ಮಾತನ್ನು ಕೈಬಿಡಲಾಯಿತು. ದಾಸರ ಮತ್ತು ಬಾಲಕರ ಮೇಲಣ ಬಲಾತ್ಕಾರವನ್ನೋ ಸೂಳೆಗಾರಿಕೆಯನ್ನೋ ಪೌಲನು ಖಂಡಿಸಿರಬಹುದು, ಸಮಾನರಿಬ್ಬರ ನಿಷ್ಠೆಯ ಬಾಳುವೆ ಅವನ ಕಣ್ಣಮುಂದೆ ಇರಲಿಲ್ಲ ಎಂಬುದು ಇವರ ವಾದ. ಸೊದೋಮ್ ಪಟ್ಟಣದ ಪಾಪವು ಗರ್ವವೂ ದೀನರನ್ನು ಕಡೆಗಣಿಸಿದುದೂ ಆಗಿತ್ತೆಂದು ಯೆಹೆಜ್ಕೇಲನ ಗ್ರಂಥವೇ ಹೇಳುವುದನ್ನೂ ಇವರು ಎತ್ತಿತೋರಿಸುತ್ತಾರೆ.

ಆಕ್ಷೇಪಕರ ಉತ್ತರವೂ ದುರ್ಬಲವಾದುದಲ್ಲ. ಆ ಸಮಾಸದ ಎರಡು ಅಂಗಗಳೂ ಯಾಜಕಕಾಂಡದ ನಿಷೇಧವಾಕ್ಯದ ಪ್ರಾಚೀನ ಗ್ರೀಕ್ ಅನುವಾದದಲ್ಲಿ ಜೊತೆಜೊತೆಯಾಗಿ ಬರುತ್ತವೆ. ಪೌಲನು ಅಲ್ಲಿಂದಲೇ ಪದವನ್ನು ಕಟ್ಟಿರಬೇಕೆಂದು ಅವರು ಹೇಳುತ್ತಾರೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯವು ಸ್ತ್ರೀಯರನ್ನೂ ಒಳಗೊಂಡು ಹೇಳುವುದರಿಂದ ಅದನ್ನು ಬಾಲಕರ ಮೇಲಣ ಬಲಾತ್ಕಾರಕ್ಕೆ ಸೀಮಿತಗೊಳಿಸಲಾಗದೆಂದೂ ವಾದಿಸುತ್ತಾರೆ. ಮೊಳಕಾಲ್ಮುರಿಗೆ ಸಮೀಪದ ಬಳ್ಳಾರಿಯಲ್ಲಿ ನೆಲಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರು ೧೮೩೧ರ ವೇಳೆಗೆ ಪೂರ್ಣ ಬೈಬಲ್ಲನ್ನು ಕನ್ನಡಕ್ಕೆ ತಂದರು. ಇಂತಹ ಪದಗಳಿಗೆ ಕನ್ನಡದಲ್ಲಿ ಒಂದು ಮಾತನ್ನು ಆರಿಸುವುದೆಂದರೆ ಹಲವು ಅರ್ಥಗಳಲ್ಲಿ ಒಂದನ್ನು ಎತ್ತಿಹಿಡಿಯುವುದೇ ಆಗಿದೆ. ಸಾಮಾನ್ಯ ಓದುಗನಿಗೆ ಆ ಆಯ್ಕೆಯು ಕಾಣುವುದಿಲ್ಲ, ಕಾಣುವುದು ವಿಧಿವಾಕ್ಯವೊಂದೇ.

ಸ್ವೀಕಾರವಾದಿಗಳ ಎರಡನೆಯ ಆಧಾರ ಸಭೆಯ ಪೂರ್ವಚರಿತ್ರೆ. ಧರ್ಮೋಪದೇಶಕಾಂಡವು ನಪುಂಸಕರನ್ನು ದೇವಜನರ ಕೂಟದಿಂದ ಹೊರಗಿಟ್ಟಿತು. ಯೆಶಾಯನ ಗ್ರಂಥದ ೫೬ನೆಯ ಅಧ್ಯಾಯವು ಅವರಿಗೆ ದೇವಾಲಯದಲ್ಲಿ ಸ್ಥಾನವನ್ನು ವಾಗ್ದಾನ ಮಾಡಿತು. ಅಪೊಸ್ತಲರ ಕೃತ್ಯಗಳಲ್ಲಿ ಫಿಲಿಪ್ಪನು ಐಥಿಯೋಪ್ಯದ ಕಂಚುಕಿಗೆ ದಾರಿಯಲ್ಲಿಯೇ ದೀಕ್ಷಾಸ್ನಾನ ಮಾಡಿಸಿದನು. ಸುನ್ನತಿಯಿಲ್ಲದ ಅನ್ಯಜನರನ್ನು ಸೇರಿಸಿಕೊಳ್ಳುವ ತೀರ್ಮಾನವು ದೊಡ್ಡ ವಾಗ್ವಾದದ ಬಳಿಕವೇ ಆಯಿತು. ಈಚಿನ ನಿದರ್ಶನವೂ ನಮ್ಮ ನೆರೆಯಲ್ಲಿಯೇ ಇದೆ. ೧೯೪೭ರ ಸೆಪ್ಟೆಂಬರ್ ೨೭ರಂದು ಏಕೀಕೃತವಾದ ದಕ್ಷಿಣ ಭಾರತ ಸಭೆಯಲ್ಲಿ ಸ್ತ್ರೀಯೊಬ್ಬರು ಬಿಷಪ್ಪರಾದುದು ೨೦೧೩ರಲ್ಲಿ. ರಾಯಲಸೀಮೆಯ ನಂದ್ಯಾಲದಲ್ಲಿ ಇ. ಪುಷ್ಪಲಲಿತಾ ಅವರು ಆ ಪೀಠವನ್ನೇರಿದರು. ಒಮ್ಮೆ ಗ್ರಂಥವಿರುದ್ಧವೆನಿಸಿದುದು ಹೀಗೆ ಸಭೆಯ ವಿಧಿಯೇ ಆಯಿತು. ಸ್ತ್ರೀದೀಕ್ಷೆಯ ಪ್ರಶ್ನೆ ಅಧಿಕಾರಕ್ಕೆ ಸೇರಿದುದು, ಇದು ಸದಾಚಾರಕ್ಕೆ ಸೇರಿದುದು, ಎರಡನ್ನೂ ಹೋಲಿಸಲಾಗದು ಎಂದು ಆಕ್ಷೇಪಕರು ಹೇಳುತ್ತಾರೆ.

ಈ ವಾದದ ಬೆಳವಣಿಗೆಯನ್ನು ಸಂಕ್ಷೇಪವಾಗಿ ಹೇಳಬಹುದು. ಆಂಗ್ಲಿಕನ್ ಪಂಡಿತ ಡೆರಿಕ್ ಶೆರ್ವಿನ್ ಬೈಲಿಯವರು ೧೯೫೫ರಲ್ಲಿಯೇ ಈ ಗ್ರಂಥಭಾಗಗಳ ಪುನರ್ವಿಮರ್ಶೆ ನಡೆಸಿದರು. ೧೯೬೮ರ ಅಕ್ಟೋಬರ್ ೬ರಂದು ಲಾಸ್ ಏಂಜಲಿಸ್ ಬಳಿಯ ತಮ್ಮ ಮನೆಯಲ್ಲಿ ಟ್ರಾಯ್ ಪೆರಿಯವರು ಹನ್ನೆರಡು ಮಂದಿಯೊಡನೆ ಇಂತಹವರಿಗೆ ತೆರೆದ ಸಭೆಯೊಂದನ್ನು ಆರಂಭಿಸಿದರು. ಯೇಲ್ ವಿಶ್ವವಿದ್ಯಾನಿಲಯದ ಇತಿಹಾಸಕಾರ ಜಾನ್ ಬಾಸ್ವೆಲರು ೧೯೮೦ರಲ್ಲಿ, ಸಭೆಯ ತೀವ್ರ ವಿರೋಧವು ಮಧ್ಯಯುಗದ ಉತ್ತರಾರ್ಧದಲ್ಲಿ ಬಲಿತುದೆಂದು ಪ್ರತಿಪಾದಿಸಿದರು. ಇದನ್ನು ಅನೇಕ ವಿದ್ವಾಂಸರು ಒಪ್ಪಿಲ್ಲ. ೧೯೯೮ರ ಲ್ಯಾಂಬೆತ್ ಸಮ್ಮೇಳನವು ಸಲಿಂಗ ಸಂಬಂಧವು ಶಾಸ್ತ್ರಸಮ್ಮತವಲ್ಲವೆಂದು ನಿರ್ಣಯಿಸಿದರೂ, ಸಲಿಂಗಾನುರಾಗಿಗಳ ಅನುಭವವನ್ನು ಆಲಿಸಬೇಕೆಂದು ಬಿಷಪ್ಪರನ್ನು ಬದ್ಧಗೊಳಿಸಿತು. ದಕ್ಷಿಣ ಭಾರತ ಸಭೆಯೂ ಆ ಆಂಗ್ಲಿಕನ್ ಬಳಗದ ಸದಸ್ಯ.

ಭಾರತದಲ್ಲಿ ಕ್ರೈಸ್ತರು ಒಂದೇ ಪಕ್ಷದಲ್ಲಿ ನಿಂತಿಲ್ಲ. ೨೦೧೩ರ ಡಿಸೆಂಬರ್ ೧೧ರಂದು ೩೭೭ನೆಯ ಕಲಮನ್ನು ಎತ್ತಿಹಿಡಿದ ಮೊಕದ್ದಮೆಯಲ್ಲಿ ಉತ್ಕಲ ಕ್ರಿಶ್ಚಿಯನ್ ಕೌನ್ಸಿಲ್ ಮೊದಲಾದವು ಕಲಮಿನ ಪರವಾಗಿದ್ದುವು. ಅದೇ ಸಂದರ್ಭದಲ್ಲಿ ಮುಂಬಯಿಯ ಕಾರ್ಡಿನಲ್ ಆಸ್ವಲ್ಡ್ ಗ್ರೇಶಿಯಸರು, ತಮ್ಮ ಸಭೆಯು ಸಲಿಂಗಾನುರಾಗಿಗಳನ್ನು ಅಪರಾಧಿಗಳೆಂದು ಭಾವಿಸುವುದಿಲ್ಲವೆಂದು ಸ್ಪಷ್ಟಪಡಿಸಿದರು. ೧೯೫೭ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ, ಧರ್ಮ ಮತ್ತು ಸಮಾಜಗಳ ಅಧ್ಯಯನದ ಕ್ರೈಸ್ತ ಸಂಸ್ಥೆಯು ೨೦೧೫ರಲ್ಲಿ ಸಭೆಯೊಳಗಿನ ಈ ದ್ವೇಷಭಾವವನ್ನೇ ಕುರಿತ ಪ್ರಬಂಧಸಂಕಲನವನ್ನು ಹೊರತಂದಿತು. ನಾಗಪುರದಲ್ಲಿ ಕೇಂದ್ರವುಳ್ಳ ಭಾರತದ ಸಭೆಗಳ ರಾಷ್ಟ್ರೀಯ ಮಂಡಲಿಯೂ ಸಭೆಗಳಿಗೆ ಈ ವಿಷಯದಲ್ಲಿ ಮಾರ್ಗದರ್ಶನ ನೀಡುವ ಕೆಲಸವನ್ನು ಕೈಗೊಂಡಿದೆ. ನಾಲ್ಕನೆಯ ಮೆಟ್ಟಿಲಿಗೆ ಮಾತ್ರ ದೇಶದ ಕಾನೂನಿನ ಬೆಂಬಲವಿಲ್ಲ. ಸಲಿಂಗ ವಿವಾಹದ ಹಕ್ಕನ್ನು ೨೦೨೩ರ ಅಕ್ಟೋಬರ್ ೧೭ರಂದು ಸರ್ವೋಚ್ಚ ನ್ಯಾಯಾಲಯವು ಮಾನ್ಯಮಾಡಲಿಲ್ಲ.

ಇದೆಲ್ಲ ಪರದೇಶದಿಂದ ಬಂದ ಹೊಸ ಚಪಲವೆಂಬ ಮಾತನ್ನು ನಾವು ಆಗಾಗ್ಗೆ ಕೇಳುತ್ತೇವೆ. ಇತಿಹಾಸದ ಸಾಕ್ಷ್ಯವು ಅದನ್ನು ಸಮರ್ಥಿಸುವುದಿಲ್ಲ. ಇಂತಹವರನ್ನು ಶಿಕ್ಷಿಸಿದ ಕಲಮೇ ಬ್ರಿಟಿಷರು ತಂದುದು. ಸ್ವೀಕಾರದ ವಾದವಾದರೋ ಸಭೆಯು ತಾನೇ ಪೂಜ್ಯವೆಂದು ಓದುವ ಗ್ರಂಥದಿಂದಲೂ ತಾನೇ ನಡೆದುಬಂದ ದಾರಿಯಿಂದಲೂ ಹುಟ್ಟಿದುದು. ಅದು ಸರಿಯೇ ತಪ್ಪೇ ಎಂಬುದನ್ನು ಸಭೆಯವರು ನಿಶ್ಚಯಿಸಲಿ. ಆದರೆ ಅದನ್ನು ಹೊರಗಿನವರ ಮಾತೆಂದು ತಳ್ಳಿಹಾಕುವಂತಿಲ್ಲ. ಏಕೆಂದರೆ ಅದನ್ನು ಆಡುತ್ತಿರುವವರು ಅದೇ ಪೀಠದ ಮುಂದೆ ಮೊಣಕಾಲೂರಿ ಪ್ರಾರ್ಥಿಸುವವರು. ಅವರಲ್ಲಿ ಕೆಲವರು ನಮ್ಮ ತರಗತಿಗಳಲ್ಲಿ ಕುಳಿತಿರಬಹುದು. ಅಧ್ಯಾಪಕರು ಈ ವಿಷಯವನ್ನು ಅಪಹಾಸ್ಯಕ್ಕೆ ಬಿಡದೆ ವಿಚಾರಕ್ಕೆ ಎತ್ತಿಕೊಂಡರೆ ಅಷ್ಟರಿಂದಲೇ ಒಬ್ಬ ವಿದ್ಯಾರ್ಥಿಗೆ ದೊಡ್ಡ ಉಪಕಾರವಾದೀತು.