ಭೌಗೋಳಿಕ ದತ್ತಾಂಶ ಸಮನ್ವಯ

ಭೌಗೋಳಿಕ ದತ್ತಾಂಶ ಸಮನ್ವಯ ಎಂದರೆ ಬೇರೆ ಬೇರೆ ಮೂಲಗಳಿಂದ, ಬೇರೆ ಬೇರೆ ಕಾಲಗಳಲ್ಲಿ ಸಿದ್ಧವಾದ ನಕ್ಷೆಗಳನ್ನೂ ಸ್ಥಳಸಂಬಂಧಿ ಅಂಕಿಅಂಶಗಳನ್ನೂ ಒಂದೇ ಅಳತೆ, ಒಂದೇ ಗಡಿ ಮತ್ತು ಒಂದೇ ಹೆಸರಿನ ಪದ್ಧತಿಗೆ ಹೊಂದಿಸುವ ಕಾರ್ಯ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳು ಇದರ ಅಗತ್ಯಕ್ಕೆ ನಿದರ್ಶನಗಳಾಗಿವೆ.

ಗಡಿಗಳ ಬದಲಾವಣೆ

ಈ ಪ್ರದೇಶವು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಲಿಂಗಸುಗೂರು 1905ರವರೆಗೆ ಪ್ರತ್ಯೇಕ ಜಿಲ್ಲೆಯೇ ಆಗಿತ್ತು. 2011ರ ಜನಗಣತಿಯ ಕಾಲಕ್ಕೆ ರಾಯಚೂರು ಜಿಲ್ಲೆಯಲ್ಲಿ ಐದು ತಾಲ್ಲೂಕುಗಳಿದ್ದು, ಮಸ್ಕಿ ಪಟ್ಟಣವು ಲಿಂಗಸುಗೂರು ತಾಲ್ಲೂಕಿಗೆ ಸೇರಿತ್ತು. 2018ರಲ್ಲಿ ಅಸ್ತಿತ್ವಕ್ಕೆ ಬಂದ ಮಸ್ಕಿ ತಾಲ್ಲೂಕಿಗೆ ಲಿಂಗಸುಗೂರು, ಸಿಂಧನೂರು ಮತ್ತು ಮಾನ್ವಿ ತಾಲ್ಲೂಕುಗಳ ಗ್ರಾಮಗಳು ಸೇರಿದವು. ಆದ್ದರಿಂದ 2011ರ ತಾಲ್ಲೂಕುವಾರು ಕೋಷ್ಟಕಗಳಲ್ಲಿ ಮಸ್ಕಿ ಕಾಣಸಿಗುವುದಿಲ್ಲ. ಹಳೆಯ ಲಿಂಗಸುಗೂರಿನ ಜನಸಂಖ್ಯೆಯನ್ನು ಹೊಸದರೊಡನೆ ನೇರವಾಗಿ ಹೋಲಿಸಿದರೆ ಜನರು ಊರು ಬಿಟ್ಟು ಹೋದಂತೆ ತೋರಬಹುದು. ವಾಸ್ತವವಾಗಿ ಸರಿದದ್ದು ಗಡಿ ಮಾತ್ರ. ಮಸ್ಕಿ ವಿಧಾನಸಭಾ ಕ್ಷೇತ್ರವು ತಾಲ್ಲೂಕಿಗಿಂತ ಮೊದಲೇ, 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ರಚನೆಗೊಂಡುದರಿಂದ ಅವೆರಡನ್ನೂ ಒಂದೇ ಎಂದು ಭಾವಿಸಲಾಗದು.

ವಿಧಾನ

ಸಮನ್ವಯದಲ್ಲಿ ಗ್ರಾಮವನ್ನು ಮೂಲ ಘಟಕವಾಗಿ ಇಟ್ಟುಕೊಳ್ಳಲಾಗುತ್ತದೆ. ಈಗಿನ ಮಸ್ಕಿ ತಾಲ್ಲೂಕಿನ ಗ್ರಾಮಗಳನ್ನು 2011ರ ಪಟ್ಟಿಯಲ್ಲಿ ಗುರುತಿಸಿ, ಅವುಗಳ ಸಂಖ್ಯೆಗಳನ್ನು ಕೂಡಲಾಗುತ್ತದೆ. ಸಾಕ್ಷರತೆಯಂತಹ ಶೇಕಡಾ ಪ್ರಮಾಣಗಳನ್ನು ಹೀಗೆ ಕೂಡುವಂತಿಲ್ಲ. ಸಾಕ್ಷರರ ಒಟ್ಟು ಸಂಖ್ಯೆಯಿಂದ ಮತ್ತೆ ಲೆಕ್ಕಹಾಕಬೇಕು. ಸಿಂಧನೂರು, ಲಿಂಗಸುಗೂರು ಮೊದಲಾದ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಹಲವು ರೀತಿ ಬರೆಯುವುದರಿಂದ ಹೆಸರಿಗಿಂತ ಗ್ರಾಮಸಂಕೇತ ಸಂಖ್ಯೆಯನ್ನು ಅವಲಂಬಿಸುವುದು ಸುರಕ್ಷಿತ.

ನಕ್ಷೆಗಳ ಆಧಾರವೂ ಒಂದೇ ಆಗಿರಬೇಕು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ನಕ್ಷೆಗಳು ಎವರೆಸ್ಟ್ ದೀರ್ಘವೃತ್ತಜವನ್ನು ಆಧರಿಸಿದ್ದರೆ, ಉಪಗ್ರಹ ಆಧಾರಿತ ಜಿಪಿಎಸ್ ಉಪಕರಣಗಳು ಡಬ್ಲ್ಯೂಜಿಎಸ್-84 ಪದ್ಧತಿಯನ್ನು ಬಳಸುತ್ತವೆ. ಪರಿವರ್ತಿಸದೆ ಒಂದರ ಮೇಲೊಂದನ್ನು ಇಟ್ಟರೆ ಅದೇ ಬಾವಿ ನೂರು ಮೀಟರಿಗೂ ಹೆಚ್ಚು ದೂರ ಸರಿದಂತೆ ಕಾಣುತ್ತದೆ. ಪಹಣಿಯ ಎಕರೆ-ಗುಂಟೆಗಳನ್ನು ಹೆಕ್ಟೇರಿಗೆ ಪರಿವರ್ತಿಸುವಾಗ 40 ಗುಂಟೆಗೆ ಒಂದು ಎಕರೆ ಎಂಬುದನ್ನು ಮರೆಯಬಾರದು, 5.20 ಎಂದರೆ ಐದೂವರೆ ಎಕರೆಯೇ ಹೊರತು ದಶಮಾಂಶವಲ್ಲ.

ಮಹತ್ವ

ಸಿಂಧನೂರಿನಲ್ಲಿ ತುಂಗಭದ್ರಾ ಎಡದಂಡೆ ನಾಲೆಯ ನೀರಿನಿಂದ ಭತ್ತ ಬೆಳೆಯುತ್ತಾರೆ. ಲಿಂಗಸುಗೂರು ಮತ್ತು ಮಸ್ಕಿಗಳಲ್ಲಿ ಮಳೆಯಾಶ್ರಿತ ಬೇಸಾಯವೂ ವ್ಯಾಪಕವಾಗಿದೆ. ಬರಘೋಷಣೆ ತಾಲ್ಲೂಕುವಾರು ನಡೆಯುವುದರಿಂದ, ಒಣಭೂಮಿಯ ಗ್ರಾಮವೊಂದು ಲೆಕ್ಕದಲ್ಲಿ ನೀರಾವರಿ ತಾಲ್ಲೂಕಿಗೆ ಸೇರಿಹೋದರೆ ಅದರ ಬೆಳೆನಷ್ಟವು ಸರಾಸರಿಯಲ್ಲಿ ಮರೆಯಾಗುತ್ತದೆ. ಎರಡು ಪಟ್ಟಿಗಳಲ್ಲಿಯೂ ಬಂದ ಗ್ರಾಮ ಎರಡು ಬಾರಿ ಎಣಿಕೆಯಾಗುತ್ತದೆ. ಎರಡರಿಂದಲೂ ಬಿಟ್ಟುಹೋದದ್ದು ಲೆಕ್ಕಕ್ಕೇ ಬರುವುದಿಲ್ಲ.