ಹಿಮ ಕರಗುವ ನಾಡಿನಲ್ಲಿ ಅತಿಥಿ ಸುಂಕ

1994ರ ಅಕ್ಟೋಬರ್ 7ರಂದು ಭೂತಾನಿನ ಉತ್ತರದಂಚಿನ ಲುನಾನಾ ಪ್ರದೇಶದಲ್ಲಿ ಲುಗೆ ತ್ಸೊ ಎಂಬ ಹಿಮಸರೋವರದ ದಂಡೆ ಒಡೆಯಿತು. ಕಲ್ಲು, ಮಣ್ಣು, ಮರದ ದಿಮ್ಮಿಗಳನ್ನು ಹೊತ್ತ ನೀರು ಫೊ ಛು ನದಿಯ ಪಾತ್ರದಲ್ಲಿ ಸುಮಾರು 90 ಕಿ.ಮೀ. ಕೆಳಗಿಳಿದು ಪುನಾಖಾ ಕಣಿವೆಗೆ ನುಗ್ಗಿತು. 21 ಮಂದಿ ಸತ್ತರು. ಗಂಡು ನದಿಯೆಂದು ಹೆಸರಾದ ಫೊ ಛು, ಹೆಣ್ಣು ನದಿಯೆಂದು ಹೆಸರಾದ ಮೊ ಛು ಕೂಡುವ ಸಂಗಮದಲ್ಲಿ 17ನೇ ಶತಮಾನದಿಂದ ನಿಂತಿದ್ದ ಕೋಟೆಮಠ ಪುನಾಖಾ ಜೊಂಗ್ ಕೂಡ ಹಾನಿಗೊಂಡಿತು.

ಈ ಜೊಂಗ್ ಇಂದು ಭೂತಾನಿಗೆ ಬರುವ ಪ್ರವಾಸಿಗಳು ತಪ್ಪದೆ ನೋಡುವ ತಾಣ. ಅದರ ಬಿಳಿಗೋಡೆಯ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವ ಪ್ರವಾಸಿಗೂ ಮೇಲಿನ ಹಿಮಸರೋವರಕ್ಕೂ ಏನು ಸಂಬಂಧ? ಅದನ್ನು ತಿಳಿಯಲು ಆ ನಾಡಿನ ಪ್ರವಾಸೋದ್ಯಮದ ಕಥೆಯನ್ನು ಮೊದಲಿನಿಂದ ನೋಡಬೇಕು.

1960ರ ದಶಕದವರೆಗೆ ಭೂತಾನಿನಲ್ಲಿ ಮೋಟಾರು ಓಡುವ ರಸ್ತೆಯೇ ಇರಲಿಲ್ಲವೆನ್ನಬಹುದು. 1974ರಲ್ಲಿ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಅವರ ಪಟ್ಟಾಭಿಷೇಕಕ್ಕೆ ಬಂದ ವಿದೇಶಿ ಗಣ್ಯರಿಗಾಗಿ ವಸತಿಗೃಹಗಳು ಎದ್ದವು. ಸಮಾರಂಭ ಮುಗಿದ ಮೇಲೆ ಅವು ಖಾಲಿ ಬೀಳಬಾರದಲ್ಲ! ಅದೇ ವರ್ಷ ಪ್ರವಾಸಿಗಳಿಗೆ ಬಾಗಿಲು ತೆರೆಯಿತು. ಮೊದಲ ವರ್ಷ ಬಂದವರು 287 ಮಂದಿ.

ನೆರೆಯ ನೇಪಾಳದಲ್ಲಿ ಜನ ತಂಡೋಪತಂಡವಾಗಿ ಬರುತ್ತಿದ್ದುದನ್ನು ಭೂತಾನ್ ನೋಡುತ್ತಲೇ ಇತ್ತು. ಅದು ಹಿಡಿದ ದಾರಿ ಬೇರೆ. ಬರುವವರು ಕಡಿಮೆಯಿರಲಿ, ಬಂದವರು ಹೆಚ್ಚು ಹಣ ಕೊಡಲಿ ಎಂಬುದು ಅದರ ನೀತಿ. ಪ್ರವಾಸಿ ದಿನಕ್ಕಿಷ್ಟು ಡಾಲರ್ ಎಂದು ಮುಂಗಡವಾಗಿ ಕಟ್ಟಬೇಕು. ಊಟ, ವಸತಿ, ಮಾರ್ಗದರ್ಶಿ, ವಾಹನ ಎಲ್ಲವೂ ಅದರಲ್ಲೇ. 2012ರ ಹೊತ್ತಿಗೆ ಪ್ರವಾಸದ ಋತುವಿನಲ್ಲಿ ಈ ದರ ದಿನಕ್ಕೆ 250 ಡಾಲರ್. ಅದರಲ್ಲಿ 65 ಡಾಲರ್ ನೇರವಾಗಿ ಸರ್ಕಾರದ ಬೊಕ್ಕಸಕ್ಕೆ ಸೇರುತ್ತಿತ್ತು. ಉಚಿತ ಶಿಕ್ಷಣ, ಉಚಿತ ವೈದ್ಯಕೀಯ ನೆರವು ನೀಡುವ ಪುಟ್ಟ ದೇಶಕ್ಕೆ ಇದು ದೊಡ್ಡ ಆಸರೆ.

ಹಣ ಬರುವ ಎಲ್ಲ ದಾರಿಗಳನ್ನೂ ಅದು ಒಪ್ಪಲಿಲ್ಲವೆಂಬುದೂ ಗಮನಾರ್ಹ. ಹಿಮಾಲಯದ ಶಿಖರಗಳು ದೇವತೆಗಳ ನೆಲೆ ಎಂಬುದು ಅಲ್ಲಿನವರ ನಂಬಿಕೆ. 1980ರ ದಶಕದಲ್ಲಿ ಪರ್ವತಾರೋಹಿಗಳಿಗೆ ಅನುಮತಿ ಕೊಟ್ಟಿದ್ದ ಸರ್ಕಾರ, 1994ರಲ್ಲಿ 6,000 ಮೀಟರಿಗಿಂತ ಎತ್ತರದ ಶಿಖರಗಳನ್ನು ಏರುವುದನ್ನು ನಿಷೇಧಿಸಿತು. 2003ರಲ್ಲಿ ಪರ್ವತಾರೋಹಣವನ್ನೇ ನಿಲ್ಲಿಸಿತು. ಹೀಗಾಗಿ 7,570 ಮೀಟರ್ ಎತ್ತರದ ಗಂಗ್‌ಖರ್ ಪುಯೆನ್ಸುಮ್, ಮನುಷ್ಯ ಇನ್ನೂ ಏರದ ಶಿಖರಗಳಲ್ಲಿ ಜಗತ್ತಿನಲ್ಲೇ ಅತಿ ಎತ್ತರದ್ದಾಗಿ ಉಳಿದಿದೆ. 2008ರ ಸಂವಿಧಾನವಂತೂ ದೇಶದ ನೆಲದಲ್ಲಿ ಶೇಕಡ 60ರಷ್ಟು ಸದಾಕಾಲ ಕಾಡಾಗಿಯೇ ಇರಬೇಕೆಂದು ವಿಧಿಸಿತು.

ಆದರೆ ಈ ಕಟ್ಟುಪಾಡಿನಲ್ಲೊಂದು ಹೆಬ್ಬಾಗಿಲು ತೆರೆದೇ ಇತ್ತು. ಭಾರತ, ಬಾಂಗ್ಲಾದೇಶ, ಮಾಲ್ಡೀವ್ಸ್ ಪ್ರಜೆಗಳಿಗೆ ಸುಂಕವಿರಲಿಲ್ಲ. ಭಾರತೀಯರು ಜೈಗಾಂವ್ ದಾಟಿ ಫುಂಟ್‌ಶೋಲಿಂಗ್ ಮೂಲಕ ನೆರೆಮನೆಗೆ ಹೋದಷ್ಟು ಸಲೀಸಾಗಿ ಹೋಗಿಬರುತ್ತಿದ್ದರು. 2019ರಲ್ಲಿ ಒಟ್ಟು ಪ್ರವಾಸಿಗಳ ಸಂಖ್ಯೆ 3,15,599ಕ್ಕೆ ಮುಟ್ಟಿತು. ಅವರಲ್ಲಿ ನಾಲ್ವರಿಗೆ ಮೂವರಷ್ಟು ನೆರೆಯ ದೇಶಗಳವರು. ಇಡೀ ದೇಶದ ಜನಸಂಖ್ಯೆಯೇ ಎಂಟು ಲಕ್ಷಕ್ಕಿಂತ ಕಡಿಮೆ ಎಂಬುದನ್ನು ನೆನೆದರೆ ಈ ಅಂಕಿಯ ಭಾರ ತಿಳಿಯುತ್ತದೆ. 2020ರಲ್ಲಿ ನೆರೆಯವರಿಗೂ ದಿನಕ್ಕೆ 1,200 ರೂಪಾಯಿ ಸುಂಕ ವಿಧಿಸುವ ಕಾನೂನು ಬಂತು.

ಅಷ್ಟರಲ್ಲಿ ಕೊರೊನಾ ಬಂದು ಗಡಿ ಮುಚ್ಚಿತು. 2022ರ ಸೆಪ್ಟೆಂಬರ್ 23ರಂದು ಮತ್ತೆ ತೆರೆದಾಗ ಇತರ ವಿದೇಶಿಯರ ಸುಂಕ 65ರಿಂದ 200 ಡಾಲರಿಗೆ ಜಿಗಿದಿತ್ತು. ಊಟ, ವಸತಿಯ ಖರ್ಚು ಬೇರೆ. ಪ್ರವಾಸಿ ತನ್ನಿಂದಾಗುವ ಮಾಲಿನ್ಯಕ್ಕೆ ತಾನೇ ಪರಿಹಾರ ತೆರಬೇಕೆಂಬುದು ಸರ್ಕಾರ ಮುಂದಿಟ್ಟ ಕಾರಣಗಳಲ್ಲೊಂದು. ತತ್ವ ಸರಿಯೆನಿಸಿದರೂ ಹೋಟೆಲಿನವರು, ಮಾರ್ಗದರ್ಶಿಗಳು, ಕುದುರೆ ನಡೆಸುವವರ ಹೊಟ್ಟೆಪಾಡು ಅದಕ್ಕೆ ಹೊಂದಲಿಲ್ಲ. ಎರಡೂವರೆ ವರ್ಷ ಕೆಲಸವಿಲ್ಲದೆ ಕುಳಿತವರ ಬಳಿಗೆ ಅತಿಥಿಗಳು ನಿರೀಕ್ಷಿಸಿದಷ್ಟು ಬರಲಿಲ್ಲ. ಯುವಕರು ಆಸ್ಟ್ರೇಲಿಯಾದ ವೀಸಾಕ್ಕೆ ಸಾಲು ಹಚ್ಚಿದ್ದ ಕಾಲ ಅದು. ಕೊನೆಗೆ 2023ರ ಸೆಪ್ಟೆಂಬರಿನಲ್ಲಿ ನಾಲ್ಕು ವರ್ಷಗಳ ಅವಧಿಗೆ ಸುಂಕವನ್ನು ಅರ್ಧಕ್ಕೆ, ಅಂದರೆ 100 ಡಾಲರಿಗೆ ಇಳಿಸಲಾಯಿತು.

ಇಲ್ಲಿಯೇ ಭೂತಾನಿನ ಇಕ್ಕಟ್ಟು ಸ್ಪಷ್ಟವಾಗುವುದು. ಅದರ ಮುಖ್ಯ ಆದಾಯಗಳಲ್ಲಿ ಒಂದು ಭಾರತಕ್ಕೆ ಮಾರುವ ಜಲವಿದ್ಯುತ್ತು. ಮಳೆಗಾಲದಲ್ಲಿ ನದಿಗಳು ತುಂಬಿ ಹರಿದಾಗ ವಿದ್ಯುತ್ತನ್ನು ಮಾರುವ ದೇಶ, ಚಳಿಗಾಲದಲ್ಲಿ ನೀರಿಳಿದಾಗ ತಾನೇ ಕೊಳ್ಳಬೇಕಾಗುತ್ತದೆ. ಹಿಮ ಕರಗುವ ಹದ, ಮಳೆಯ ಕಾಲ ತಪ್ಪಿದಂತೆಲ್ಲ ಈ ಆದಾಯದ ನೆಚ್ಚಿಕೆ ಕಡಿಮೆಯಾಗುತ್ತದೆ. ಆಗ ಕೈಹಿಡಿಯಬೇಕಾದುದು ಪ್ರವಾಸೋದ್ಯಮ. ಆದರೆ ದೂರದೇಶದ ಪ್ರವಾಸಿ ಬರುವುದು ವಿಮಾನದಲ್ಲಿ. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಸುಮಾರು ಶೇಕಡ 8ರಷ್ಟು ಪ್ರವಾಸೋದ್ಯಮದಿಂದಲೇ ಬರುತ್ತದೆಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಭೂತಾನಿನ ಕಾಡುಗಳು ಆ ದೇಶ ಉಗುಳುವುದಕ್ಕಿಂತ ಹೆಚ್ಚು ಇಂಗಾಲವನ್ನು ಹೀರುತ್ತವೆ ಎಂಬ ಕೀರ್ತಿಯೇನೋ ಇದೆ. ಆದರೆ ಅಂತಾರಾಷ್ಟ್ರೀಯ ವಿಮಾನಗಳ ಹೊಗೆ ಯಾವ ದೇಶದ ಲೆಕ್ಕದ ಮೊತ್ತಕ್ಕೂ ಸೇರುವುದಿಲ್ಲ. ಲೆಕ್ಕಕ್ಕೆ ಸಿಗದ ಹೊಗೆಯೂ ಹಿಮವನ್ನು ಕರಗಿಸದೆ ಬಿಡುವುದಿಲ್ಲ.

ಎರಡು ದಿನ ಇದ್ದು ಹೋದರೂ ಹತ್ತು ದಿನ ಇದ್ದು ಹೋದರೂ ವಿಮಾನದ ಹೊಗೆ ಅಷ್ಟೇ. ಆದ್ದರಿಂದ ಪದೇ ಪದೇ ಹಾರುವುದಕ್ಕಿಂತ ಒಮ್ಮೆ ಬಂದು ಹೆಚ್ಚು ದಿನ ತಂಗುವುದು ಮೇಲು. 2023ರ ಮಧ್ಯದಲ್ಲಿ ನಾಲ್ಕು ದಿನದ ಸುಂಕ ಕೊಟ್ಟವರಿಗೆ ಇನ್ನು ನಾಲ್ಕು ದಿನ ಸುಂಕವಿಲ್ಲ ಎಂಬ ರಿಯಾಯಿತಿಯನ್ನು ಭೂತಾನ್ ನೀಡಿತ್ತು. ಪ್ರವಾಸಿಗಳನ್ನು ಸೆಳೆಯಲು ಹೂಡಿದ ಉಪಾಯವೇ ಆದರೂ, ಹೆಚ್ಚು ದಿನ ತಂಗುವ ಅತಿಥಿಯಿಂದ ಪುಟ್ಟ ಊರುಗಳ ಮನೆವಾಸ್ತವ್ಯಕ್ಕೂ ನಾಲ್ಕು ಕಾಸು ಸಿಗುತ್ತದೆ.

ಲುನಾನಾದ ಭಯವಂತೂ ಇನ್ನೂ ದೂರವಾಗಿಲ್ಲ. ಲುಗೆ ತ್ಸೊ ಪಕ್ಕದಲ್ಲಿಯೇ ಥೋರ್‌ಥೋರ್ಮಿ ಎಂಬ ಇನ್ನೊಂದು ಸರೋವರ ಹಿಗ್ಗುತ್ತಿದೆ. ಅದರ ದಂಡೆ ಒಡೆದರೆ ಮಗ್ಗುಲಿನ ಮತ್ತೊಂದು ಸರೋವರವನ್ನೂ ಸೆಳೆದುಕೊಂಡು 1994ಕ್ಕಿಂತ ದೊಡ್ಡ ಪ್ರವಾಹ ಬಂದೀತೆಂಬುದು ತಜ್ಞರ ಆತಂಕ. 2009ರಿಂದ 2012ರವರೆಗೆ, ವರ್ಷದಲ್ಲಿ ಹಿಮವಿಲ್ಲದ ಕೆಲವೇ ತಿಂಗಳುಗಳಲ್ಲಿ, ನೂರಾರು ಮಂದಿ ದಿನಗಟ್ಟಲೆ ನಡೆದು ಅಲ್ಲಿಗೆ ಹೋದರು. ಯಂತ್ರಗಳು ಏರಲಾರದ ಆ ಎತ್ತರದಲ್ಲಿ ಗುದ್ದಲಿ, ಹಾರೆಗಳಿಂದ, ಬರಿಗೈಯಿಂದ ಕಲ್ಲು ಕಿತ್ತು ಕಾಲುವೆ ತೋಡಿ ಸರೋವರದ ಮಟ್ಟವನ್ನು ಐದು ಮೀಟರ್ ಇಳಿಸಿದರು. ಸೊಂಟದವರೆಗಿನ ಹಿಮನೀರಿನಲ್ಲಿ ನಿಂತು ದುಡಿದರು.

ಪುನಾಖಾ ಜೊಂಗ್ ಮುಂದೆ ನಿಂತ ಪ್ರವಾಸಿಗೂ ಈ ಕಾಲುವೆ ತೋಡಿದವರಿಗೂ ಇರುವ ನಂಟು ಇದೇ. ಆತ ಬಂದ ವಿಮಾನದ ಹೊಗೆಯಿಂದ ಮೇಲಿನ ಹಿಮಕ್ಕೆ ಎಷ್ಟೋ ಕುತ್ತು. ಆತ ತೆತ್ತ ಸುಂಕದಿಂದ ಕೆಳಗಿನ ಊರಿನ ಶಾಲೆಗೆ, ಆಸ್ಪತ್ರೆಗೆ ಎಷ್ಟೋ ನೆರವು. ಎರಡನ್ನೂ ತೂಗಿ ನೋಡುವ ತಕ್ಕಡಿ ಭೂತಾನಿಗೂ ಇನ್ನೂ ಪೂರ್ತಿ ದಕ್ಕಿಲ್ಲ. ಅತಿಥಿಗೆ ಆಗುವ ಖರ್ಚಿನ ಜೊತೆಗೆ, ಅತಿಥಿಯಿಂದ ಆಗುವ ಖರ್ಚನ್ನೂ ಕೇಳಬೇಕೆಂದು ಹೊರಟ ಕೆಲವೇ ದೇಶಗಳಲ್ಲಿ ಅದೂ ಒಂದು.