ಬ್ಯಾಕ್ಟೀರಿಯ ಎಂದರೇನು? ಒಂದು ಸ್ಮಾರಕ ಉಪನ್ಯಾಸದ ಹಿಂದಿನ ಪ್ರಶ್ನೆ

ದತ್ತಿ ಉಪನ್ಯಾಸಗಳಿಗೆ ನೀವು ಹೋಗಿರುತ್ತೀರಿ. ಇಲ್ಲವೇ ಹಾಜರಿಯ ಹೆದರಿಕೆಗೆ ಕುಳಿತಿರುತ್ತೀರಿ. ಹಾರ ಹಾಕಿದ ಭಾವಚಿತ್ರ, ಪ್ರಾರ್ಥನೆ, ಸ್ವಾಗತ, ಅನಂತರ ಕೀರ್ತಿಶೇಷರ ಗುಣಗಾನ. ಮುಖ್ಯ ವಿಷಯಕ್ಕೆ ಬರುವ ಹೊತ್ತಿಗೆ ಸಭೆಯ ಅರ್ಧ ಮನಸ್ಸು ಕ್ಯಾಂಟೀನಿನಲ್ಲಿರುತ್ತದೆ. ಇಂಥ ಸಭೆಗಳಿಗೆ ಕ್ಯಾಮೆರಾ ಹಿಡಿದುಕೊಂಡು ಹೋಗುವ ನಮ್ಮ ಸ್ಥಿತಿಯೂ ಬೇರೆಯಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿ ಆವರಣದಲ್ಲಿಯೂ ಒಂದು ಸ್ಮಾರಕ ಉಪನ್ಯಾಸ ಮಾಲೆ ಇದೆ. ಅದು ರೋಜರ್ ಸ್ಟೇನಿಯರ್ ಅವರ ಹೆಸರಿನದು. ಬ್ಯಾಕ್ಟೀರಿಯಗಳ ಅಧ್ಯಯನದಲ್ಲಿ ಹೆಸರು ಮಾಡಿದವರನ್ನು ಈ ಉಪನ್ಯಾಸಕ್ಕೆ ಕರೆಯುತ್ತಾರೆ. ಪದವಿ ತರಗತಿಯಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುತ್ತಿರುವವರಿಗೆ ಸ್ಟೇನಿಯರ್ ಎಂದರೆ ಮೊದಲು ನೆನಪಾಗುವುದು ಒಂದು ದಪ್ಪ ಪಠ್ಯಪುಸ್ತಕ. ಆದರೆ ಅವರನ್ನು ನೆನೆಯಲು ನನಗೆ ಕಾಣುವ ಕಾರಣ ಬೇರೆ. ಬಹು ಸರಳವಾಗಿ ತೋರುವ ಒಂದು ಪ್ರಶ್ನೆಗೆ ಅವರು ಉತ್ತರ ಕೊಟ್ಟರು. ಇಪ್ಪತ್ತೊಂದು ವರ್ಷಗಳ ಅನಂತರ ಆ ಉತ್ತರವನ್ನು ತಾವೇ ಬಹಿರಂಗವಾಗಿ ಕೈಬಿಟ್ಟರು.

ಪ್ರಶ್ನೆ ಇಷ್ಟೆ: ಬ್ಯಾಕ್ಟೀರಿಯ ಎಂದರೇನು?

ಪುಸ್ತಕ ಮುಚ್ಚಿ ನೀವೇ ಉತ್ತರಿಸಿ ನೋಡಿ. ‘ರೋಗ ತರುವ ಜೀವಿ’ ಎನ್ನುವಿರಾ? ರಾತ್ರಿ ಹೆಪ್ಪು ಹಾಕಿದ ಹಾಲನ್ನು ಬೆಳಗಾಗುವುದರೊಳಗೆ ಮೊಸರು ಮಾಡುವುದೂ ಬ್ಯಾಕ್ಟೀರಿಯವೇ. ‘ಏಕಕೋಶ ಜೀವಿ’ ಎಂದರೆ ಅಮೀಬ, ಯೀಸ್ಟ್ ಕೂಡ ಏಕಕೋಶ ಜೀವಿಗಳು. ‘ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು’ ಎಂಬ ಉತ್ತರ ಸ್ವಲ್ಪ ಗಟ್ಟಿ. ನಮ್ಮ ಕರುಳಿನಲ್ಲಿರುವ ಇ. ಕೋಲಿಯ ಉದ್ದ ಸುಮಾರು 2 ಮೈಕ್ರೋಮೀಟರ್; ಒಂದು ಮಿಲಿಮೀಟರಿನಲ್ಲಿ ಐನೂರು ಜೀವಿಗಳು ಉದ್ದಕ್ಕೆ ಸಾಲಾಗಿ ಮಲಗಬಹುದು. ಆದರೆ ಕೆರಿಬಿಯನ್ ದ್ವೀಪವೊಂದರ ಕಾಂಡ್ಲಾ ಕಾಡಿನಲ್ಲಿ ಸಿಕ್ಕ, 2022ರಲ್ಲಿ ವಿವರಗಳು ಪ್ರಕಟವಾದ ಒಂದು ಬ್ಯಾಕ್ಟೀರಿಯ ಸುಮಾರು ಒಂದು ಸೆಂಟಿಮೀಟರ್ ಉದ್ದ ಬೆಳೆಯುತ್ತದೆ. ಬಿಳಿಯ ನೂಲಿನ ಎಳೆಯಂತೆ ಬರಿಗಣ್ಣಿಗೇ ಕಾಣುತ್ತದೆ. ಆ ಉತ್ತರವೂ ಹೋಯಿತು.

ಒಮ್ಮೆ ಕಾರ್ಯಕ್ರಮವೊಂದಕ್ಕಾಗಿ ಮೊಸರಿನ ಹನಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಚಿತ್ರೀಕರಿಸಲು ಹೊರಟಿದ್ದೆವು. ಅರ್ಧ ದಿನ ಹೆಣಗಿದರೂ ತೆರೆಯ ಮೇಲೆ ಬಂದದ್ದು ಕೆಲವು ಗೀಟು, ಕೆಲವು ಚುಕ್ಕಿ. ‘ಇಷ್ಟೇನಾ ಸಾರ್?’ ಎಂದರು ಛಾಯಾಗ್ರಾಹಕರು. ವಿಜ್ಞಾನಿಗಳ ಕಷ್ಟವೂ ಬಹುಕಾಲ ಅದೇ ಆಗಿತ್ತು. ಸಾಧಾರಣ ಸೂಕ್ಷ್ಮದರ್ಶಕದಲ್ಲಿ 0.2 ಮೈಕ್ರೋಮೀಟರಿಗಿಂತ ಹತ್ತಿರದ ಎರಡು ಬಿಂದುಗಳು ಬೇರೆಬೇರೆಯಾಗಿ ಕಾಣುವುದಿಲ್ಲ. ಹೀಗಿರುವಾಗ ಅಷ್ಟು ಚಿಕ್ಕ ಕೋಶದ ಒಳಗೆ ಏನಿದೆಯೆಂದು ಹೇಳುವುದು ಹೇಗೆ?

ಸ್ಟೇನಿಯರ್ ಹುಟ್ಟಿದ್ದು 1916ರಲ್ಲಿ, ಕೆನಡದ ವಿಕ್ಟೋರಿಯ ಊರಿನಲ್ಲಿ. 1938ರ ಬೇಸಿಗೆಯಲ್ಲಿ ಅವರು ಕ್ಯಾಲಿಫೋರ್ನಿಯದ ಕಡಲ ದಂಡೆಯ ಪೆಸಿಫಿಕ್ ಗ್ರೋವ್ ಎಂಬಲ್ಲಿಗೆ ಹೋದರು. ಅಲ್ಲಿ ಹಾಲೆಂಡಿನಿಂದ ಬಂದು ನೆಲೆಸಿದ್ದ ಸಿ. ಬಿ. ವಾನ್ ನೀಲ್ ಅವರು ಬೇಸಿಗೆಯಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ಪಾಠ ಮಾಡುತ್ತಿದ್ದರು. ಆ ಪಾಠದ ಖ್ಯಾತಿ ಎಂಥದೆಂದರೆ, ಮುಂದೆ 1959ರಲ್ಲಿ ನೊಬೆಲ್ ಪಡೆದ ಆರ್ಥರ್ ಕಾರ್ನ್‌ಬರ್ಗ್ ಕೂಡ ಪ್ರಾಧ್ಯಾಪಕರಾದ ಮೇಲೆ, 1953ರಲ್ಲಿ, ವಿದ್ಯಾರ್ಥಿಯಂತೆ ಬಂದು ಕುಳಿತಿದ್ದರು. ಸ್ಟೇನಿಯರ್ ಅಲ್ಲಿಯೇ ಗುರುವನ್ನು ಕಂಡುಕೊಂಡರು.

1941ರಲ್ಲಿ ಗುರುಶಿಷ್ಯರಿಬ್ಬರೂ ಸೇರಿ ಬ್ಯಾಕ್ಟೀರಿಯಗಳ ವರ್ಗೀಕರಣವೊಂದನ್ನು ಪ್ರಕಟಿಸಿದರು. ಬ್ಯಾಕ್ಟೀರಿಯಗಳನ್ನೂ ನೀಲಿ-ಹಸಿರು ಪಾಚಿಯನ್ನೂ ಒಂದೇ ಸಾಮ್ರಾಜ್ಯದಲ್ಲಿ ಇಟ್ಟದ್ದು ದಿಟ್ಟ ಹೆಜ್ಜೆ. ಆದರೆ ಅವುಗಳ ಗುರುತುಗಳೆಲ್ಲ ‘ಇಲ್ಲ’ಗಳೇ. ನಿಜವಾದ ಕೋಶಕೇಂದ್ರ ಇಲ್ಲ, ಹಸಿರುಕಣಗಳಂಥ ರಚನೆ ಇಲ್ಲ, ಲೈಂಗಿಕ ಸಂತಾನೋತ್ಪತ್ತಿ ಇಲ್ಲ. ಇಲ್ಲಗಳ ಮೇಲೆ ಕಟ್ಟಿದ ಮನೆಗೆ ಒಂದು ‘ಇದೆ’ ಸಾಕು. 1946ರಲ್ಲಿ ಲೆಡರ್‌ಬರ್ಗ್ ಮತ್ತು ಟೇಟಮ್ ಅವರು ಇ. ಕೋಲಿಯ ಎರಡು ತಳಿಗಳು ತಮ್ಮ ಅನುವಂಶಿಕ ಗುಣಗಳನ್ನು ಬೆರೆಸಿಕೊಳ್ಳುತ್ತವೆ ಎಂದು ತೋರಿಸಿಬಿಟ್ಟರು!

ಮುಂದೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂತು. ಕೋಶವನ್ನು ತೆಳುವಾಗಿ ಹೆಚ್ಚಿ ಒಳಗನ್ನು ನೋಡುವುದು ಸಾಧ್ಯವಾಯಿತು. 1962ರಲ್ಲಿ ಅದೇ ಇಬ್ಬರು ಮತ್ತೆ ಒಂದು ಪ್ರಬಂಧ ಬರೆದರು. ಬ್ಯಾಕ್ಟೀರಿಯ ಎಂದರೇನೆಂಬ ಸ್ಪಷ್ಟ ಕಲ್ಪನೆಯೇ ಇಲ್ಲದಿರುವುದು ಈ ಶಾಸ್ತ್ರಕ್ಕೆ ಅಂಟಿದ ಕಳಂಕವೆಂದು ಅದರಲ್ಲಿ ಹೇಳಿದರು. ತಮ್ಮ 1941ರ ವರ್ಗೀಕರಣವನ್ನು ಸಮರ್ಥಿಸುವ ಇಚ್ಛೆ ಈಗ ಇಬ್ಬರಿಗೂ ಇಲ್ಲವೆಂದು ನೇರವಾಗಿ ಬರೆದರು. ಹೊಸ ಪುರಾವೆ ಬಂದಾಗ ಮೆಲ್ಲಗೆ ಮಾತು ಮರೆಸುವವರನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಹೀಗೆ ಅಚ್ಚಿನಲ್ಲಿ ಒಪ್ಪಿಕೊಂಡವರು ಕಡಿಮೆ.

ಅವರ ಹೊಸ ಉತ್ತರ ಕೋಶದ ರಚನೆಯನ್ನು ಆಧರಿಸಿತ್ತು. ನಿಮ್ಮ, ನನ್ನ, ಯೀಸ್ಟಿನ, ಮಾವಿನ ಮರದ ಕೋಶಗಳಲ್ಲಿ ವರ್ಣತಂತುಗಳು ಒಂದು ಪೊರೆಯ ಚೀಲದೊಳಗೆ ಇರುತ್ತವೆ. ಬ್ಯಾಕ್ಟೀರಿಯದಲ್ಲಿ ಆ ಚೀಲವಿಲ್ಲ. ಡಿಎನ್‌ಎ ಉಳಿದ ದ್ರವ್ಯದ ನಡುವೆಯೇ ಇರುತ್ತದೆ, ವಿಭಜನೆಯ ರೀತಿಯೂ ಸರಳ. ಜೊತೆಗೆ ಒಂದು ‘ಇದೆ’ಯೂ ಸಿಕ್ಕಿತು: ಸಕ್ಕರೆ ಮತ್ತು ಅಮೈನೋ ಆಮ್ಲಗಳಿಂದ ಹೆಣೆದ, ಬೇರೆಡೆ ಕಾಣದ ಒಂದು ವಿಶಿಷ್ಟ ವಸ್ತು ಇವುಗಳ ಕೋಶಭಿತ್ತಿಯಲ್ಲಿದೆ. ಫ್ರಾನ್ಸಿನ ಷಾಟನ್ 1925ರಲ್ಲಿಯೇ ಬಳಸಿದ್ದು ಹೆಚ್ಚಾಗಿ ಯಾರ ಗಮನಕ್ಕೂ ಬಾರದಿದ್ದ ‘ಪ್ರೊಕ್ಯಾರಿಯೋಟ್’, ‘ಯೂಕ್ಯಾರಿಯೋಟ್’ ಎಂಬ ಪದಗಳಿಗೆ ಈ ಪ್ರಬಂಧದಿಂದ ಜೀವ ಬಂತು. ಪರೀಕ್ಷೆಗೆ ನೀವು ಬರೆಯುವ ‘ವ್ಯತ್ಯಾಸ ತಿಳಿಸಿ’ ಪ್ರಶ್ನೆಯ ಮೂಲ ಇದೇ.

ಇದು ಬರಿಯ ಹೆಸರಿಡುವ ಜಗಳವಲ್ಲ. ಪೆನಿಸಿಲಿನ್ ಕೆಲಸ ಮಾಡುವುದು ಆ ಕೋಶಭಿತ್ತಿಯ ಹೆಣಿಗೆಯನ್ನು ಕೆಡಿಸಿ. ನಮ್ಮ ಕೋಶಗಳಿಗೆ ಅಂಥ ಭಿತ್ತಿಯೇ ಇಲ್ಲ; ಆದ್ದರಿಂದಲೇ ಅದು ರೋಗಾಣುವನ್ನು ಕೊಂದು ರೋಗಿಯನ್ನು ಉಳಿಸುತ್ತದೆ. ನೆಗಡಿ ತರುವ ವೈರಸ್ಸಿಗೆ ಭಿತ್ತಿಯ ಮಾತಿರಲಿ, ಕೋಶವೇ ಇಲ್ಲ. ನೆಗಡಿಯಾದೊಡನೆ ಔಷಧಿ ಅಂಗಡಿಗೆ ಹೋಗಿ ಆ್ಯಂಟಿಬಯಾಟಿಕ್ ತಂದು ನುಂಗುವವರು ಈ ಒಂದು ವ್ಯತ್ಯಾಸವನ್ನು ಓದಿದ್ದರೆ! (ಭಿತ್ತಿಯೇ ಇಲ್ಲದ ಮೈಕೋಪ್ಲಾಸ್ಮ ಎಂಬ ಬ್ಯಾಕ್ಟೀರಿಯಗಳೂ ಇವೆ, ಅವುಗಳ ಮೇಲೆ ಪೆನಿಸಿಲಿನ್ ಕೆಲಸ ಮಾಡುವುದಿಲ್ಲ.)

ನಮ್ಮ ಭತ್ತದ ಗದ್ದೆಗೂ ಈ ಕಥೆ ತಾಗುತ್ತದೆ. ನಿಂತ ನೀರಿನ ನೀಲಿ-ಹಸಿರು ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ಗದ್ದೆಗೆ ಕೊಡುತ್ತದೆಂದು 1939ರಲ್ಲಿ ಪಿ. ಕೆ. ಡೇ ತೋರಿಸಿದ್ದರು. ಅದು ಗಿಡದಂತೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುತ್ತದೆ, ಆಮ್ಲಜನಕ ಬಿಡುತ್ತದೆ. ಹಾಗಾಗಿ ಸಸ್ಯಶಾಸ್ತ್ರಜ್ಞರು ಅದನ್ನು ತಮ್ಮದೆಂದೇ ತಿಳಿದಿದ್ದರು. 1971ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಹೋದ ಸ್ಟೇನಿಯರ್ ಇದರ ಅಧ್ಯಯನದಲ್ಲಿ ಮುಳುಗಿದರು. ಒಳರಚನೆಯಿಂದ ಅದು ಬ್ಯಾಕ್ಟೀರಿಯವೇ ಸರಿ, ಪೆನಿಸಿಲಿನ್ನಿಗೂ ಬಾಗುತ್ತದೆ. ಇನ್ನು ಮುಂದೆ ಅದಕ್ಕೆ ಬ್ಯಾಕ್ಟೀರಿಯಗಳ ನಿಯಮದಂತೆಯೇ ಹೆಸರಿಡಬೇಕೆಂದು 1978ರಲ್ಲಿ ಸಹೋದ್ಯೋಗಿಗಳೊಡನೆ ಅವರು ಸೂಚಿಸಿದಾಗ ಸಸ್ಯಶಾಸ್ತ್ರಜ್ಞರು ಸುಮ್ಮನಿರಲಿಲ್ಲ.

ಅಷ್ಟರಲ್ಲಿ 1962ರ ಉತ್ತರಕ್ಕೂ ಪೆಟ್ಟು ಬಿದ್ದಿತ್ತು. 1977ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಕೋಶದ ಹೊರರೂಪವನ್ನು ಬಿಟ್ಟು ರೈಬೋಸೋಮ್‌ಗಳ ಆರ್‌ಎನ್‌ಎಯನ್ನು ಹೋಲಿಸಿ ನೋಡಿದರು. ಗೋಬರ್ ಗ್ಯಾಸ್ ತೊಟ್ಟಿಯಲ್ಲೂ ಹಸುವಿನ ಹೊಟ್ಟೆಯಲ್ಲೂ ಮೀಥೇನ್ ಅನಿಲ ಉತ್ಪಾದಿಸುವ ಜೀವಿಗಳು ನೋಡಲು ಬ್ಯಾಕ್ಟೀರಿಯದಂತಿದ್ದರೂ ಬ್ಯಾಕ್ಟೀರಿಯಗಳಲ್ಲ, ಬೇರೆಯೇ ಒಂದು ವಂಶ ಎಂದು ತಿಳಿಯಿತು. ಇಂದು ಅವನ್ನು ಆರ್ಕಿಯಾ ಎನ್ನುತ್ತೇವೆ. ಅವಕ್ಕೂ ಕೋಶಕೇಂದ್ರದ ಚೀಲವಿಲ್ಲ. ಆದರೆ ಬ್ಯಾಕ್ಟೀರಿಯದ ಭಿತ್ತಿಯ ಆ ವಿಶಿಷ್ಟ ವಸ್ತುವೂ ಇಲ್ಲ.

ಸ್ಟೇನಿಯರ್ 1982ರಲ್ಲಿ ತೀರಿಕೊಂಡರು. ‘ಪ್ರೊಕ್ಯಾರಿಯೋಟ್’ ಎಂಬ ಪದವನ್ನೇ ಕೈಬಿಡಬೇಕೆಂದು 2006ರಲ್ಲಿ ನಾರ್ಮನ್ ಪೇಸ್ ಎಂಬ ವಿಜ್ಞಾನಿ ವಾದಿಸಿದರು. ಬೇಡವೆಂದು ಇತರರು ಪ್ರತಿವಾದ ಹೂಡಿದರು. ಹೀಗೆ ಪ್ರಶ್ನೆ ಇನ್ನೂ ಚರ್ಚೆಯಲ್ಲಿರುವಾಗ, ಅವರ ಹೆಸರಿನ ವೇದಿಕೆಗೆ ಬಂದವರು ಬರಿಯ ಗುಣಗಾನ ಮಾಡಿ ಇಳಿಯಲು ಹೇಗೆ ಸಾಧ್ಯ?

ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ 1960ರ ದಶಕದ ಸಸ್ಯಶಾಸ್ತ್ರ ಪುಸ್ತಕ ಯಾವುದಾದರೂ ಮೂಲೆಯಲ್ಲಿ ಉಳಿದಿದ್ದರೆ ಧೂಳು ಕೊಡವಿ ತೆರೆಯಿರಿ. ನೀಲಿ-ಹಸಿರು ಪಾಚಿ ಯಾವ ಅಧ್ಯಾಯದಲ್ಲಿದೆ ನೋಡಿ. ಬಳಿಕ ನಿಮ್ಮ ಈಗಿನ ಪಠ್ಯದಲ್ಲಿ ಅದನ್ನೇ ಹುಡುಕಿ.